ಕಡಲ ಮಂಜು ಮತ್ತು ಅದರ ಮುನ್ಸೂಚನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹಡಗಿನಲ್ಲಿ ಕೆಲಸ ಮಾಡುವ ಕರಾವಳಿಯ ಹುಡುಗರು, ಅವರ ಮನೆಯವರು, ಬೋಟಿನವರು, ಹವಾಮಾನ ಓದುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಆಮೇಲೆ. ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲು ತಿಳಿಯಬೇಕಾದ್ದು

ಮಂಜು ನಮ್ಮ ಮಡಿಕೇರೀಲೂ ಬರುತ್ತೆ, ಬಯಲುಸೀಮೇಲೂ ಬರುತ್ತೆ. ಕಡಲಿನದ್ದರಲ್ಲಿ ಏನು ವಿಶೇಷ?

ಹುಟ್ಟುವ ರೀತಿಯೇ ಬೇರೆ. ಬಯಲುಸೀಮೆಯ ಚಳಿಗಾಲದ ಮಂಜಿಗೆ ತಿಳಿ ಆಕಾಶ ಬೇಕು, ಗಾಳಿ ಸುಮ್ಮನಿರಬೇಕು. ರಾತ್ರಿ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಮಂಜು ಕಟ್ಟುತ್ತದೆ. ಬಿಸಿಲೇರಿದರೆ ಕರಗುತ್ತದೆ. ಮಡಿಕೇರಿಯಲ್ಲಿ ಮಳೆಗಾಲದಲ್ಲಿ ಕಾಣುವುದು ಬಹುಪಾಲು ಗುಡ್ಡಕ್ಕೆ ಒರಗಿದ ಮೋಡ.

ಕಡಲು ಒಂದು ರಾತ್ರಿಯಲ್ಲಿ ಹಾಗೆ ತಣ್ಣಗಾಗುವುದಿಲ್ಲ. ಅಲ್ಲಿ ಬಿಸಿಯಾದ, ತೇವ ತುಂಬಿದ ಗಾಳಿ ಬೇರೆಲ್ಲಿಂದಲೋ ಬೀಸಿ ತಣ್ಣನೆಯ ನೀರಿನ ಮೇಲೆ ಹಾಯಬೇಕು. ಫ್ರಿಜ್ಜಿನಿಂದ ತೆಗೆದ ಬಾಟ್ಲಿ ಬೆವರುತ್ತದಲ್ಲ, ಕಾರಣ ಅದೇ. ಗಾಳಿ ಬೀಸುತ್ತಲೇ ಇರಬೇಕಾದ್ದರಿಂದ 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ಗಾಳಿಯಲ್ಲೂ ದಟ್ಟ ಮಂಜು ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿಗೂ ಜಗ್ಗುವುದಿಲ್ಲ. ಗಾಳಿಯ ದಿಕ್ಕು ಬದಲಾಗುವವರೆಗೆ ದಿನಗಟ್ಟಲೆ ಇರಬಹುದು.

ಲೆಕ್ಕಕ್ಕೆ ಮಾತ್ರ ಎಲ್ಲ ಕಡೆ ಒಂದೇ ಅಳತೆ: ಗಾಳಿಯಲ್ಲಿನ ನೀರಿನ ಹನಿಗಳಿಂದಾಗಿ 1 ಕಿಲೋಮೀಟರಿಗಿಂತ ಆಚೆ ಕಾಣದಿದ್ದರೆ ಅದು ಮಂಜು.

ಹಾಗಾದ್ರೆ ಮಂಗಳೂರು, ಕಾರವಾರದ ಕಡೆ ಇದರ ಕಾಟ ಯಾಕಿಲ್ಲ?

ನಮ್ಮ ಕಡಲು ಬೆಚ್ಚಗಿದೆ. ವರ್ಷದ ಬಹುಪಾಲು 27ರಿಂದ 30 ಡಿಗ್ರಿ. ಗಾಳಿಯ ಇಬ್ಬನಿ ಬಿಂದು, ಅಂದರೆ ಗಾಳಿಯ ತೇವ ಹನಿಗಟ್ಟಲು ಶುರುವಾಗುವ ತಾಪಮಾನ, ಅದಕ್ಕಿಂತ ಕೆಳಗೇ ಇರುತ್ತದೆ. ಮಂಜು ಕಟ್ಟಲು ಲೆಕ್ಕ ಕೂಡುವುದಿಲ್ಲ. ಇಲ್ಲಿ ಕಣ್ಣು ಕಟ್ಟುವುದು ಮಳೆಗಾಲದ ಜಡಿಮಳೆ, ಚಳಿಗಾಲದ ಮಬ್ಬು.

ಆದರೆ ಇದೇ ಅರಬ್ಬಿ ಸಮುದ್ರದ ಆಚೆ ದಡಕ್ಕೆ ಹೋಗಿ ನೋಡಿ. ಒಮಾನಿನ ಸಲಾಲಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮತ್ತು ಜಿನುಗು ಮಳೆ. ನಮಗೆ ಮಳೆ ತರುವ ಅದೇ ನೈಋತ್ಯ ಗಾಳಿ ಅಲ್ಲಿ ದಡದ ಉದ್ದಕ್ಕೆ ಬೀಸಿ, ಮೇಲಿನ ನೀರನ್ನು ಹೊರಕ್ಕೆ ತಳ್ಳಿ, ಆಳದ ತಣ್ಣೀರನ್ನು ಮೇಲೆಳೆಯುತ್ತದೆ. ಭಾರತದೊಳಗೆ ಹಡಗಿನವರಿಗೆ ತಲೆನೋವು ಕೊಡುವುದು ಹೂಗ್ಲಿ ನದೀಮುಖ. ಚಳಿಗಾಲದಲ್ಲಿ ಹಲ್ದಿಯಾ, ಕೋಲ್ಕತ್ತದ ಹಡಗುಗಳೂ ಗಂಗಾಸಾಗರಕ್ಕೆ ಯಾತ್ರಿಕರನ್ನು ದಾಟಿಸುವ ಲಾಂಚುಗಳೂ ಮಂಜಿಗೆ ನಿಲ್ಲುತ್ತವೆ. ಅದು ಮಾತ್ರ ನೆಲದ ಮಂಜಿನ ಜಾತಿಗೆ ಸೇರಿದ್ದು.

ಜಗತ್ತಿನಲ್ಲಿ ಎಲ್ಲಿ ಜಾಸ್ತಿ?

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಗ್ರ್ಯಾಂಡ್ ಬ್ಯಾಂಕ್ಸ್. ಬಿಸಿ ಗಲ್ಫ್ ಸ್ಟ್ರೀಮ್ ಮತ್ತು ತಣ್ಣನೆಯ ಲ್ಯಾಬ್ರಡಾರ್ ಪ್ರವಾಹ ಅಲ್ಲಿ ಎದುರಾಗುತ್ತವೆ. ಅಲ್ಲಿನ ಆರ್ಜೆಂಷಿಯಾ ಎಂಬ ಊರಿನಲ್ಲಿ ವರ್ಷಕ್ಕೆ 200 ದಿನದ ಆಸುಪಾಸು ಮಂಜು. ಆಮೇಲೆ ಚೀನಾ ಮತ್ತು ಕೊರಿಯಾ ನಡುವಿನ ಹಳದಿ ಸಮುದ್ರ, ಜಪಾನಿನ ಉತ್ತರಕ್ಕಿರುವ ಕುರಿಲ್ ದ್ವೀಪಗಳು, ಕ್ಯಾಲಿಫೋರ್ನಿಯಾ, ನಮೀಬಿಯಾ. ಸ್ಯಾನ್ ಫ್ರಾನ್ಸಿಸ್ಕೋ ಕಡೆ ನೆಲೆಸಿದ ಕನ್ನಡಿಗರಿಗೆ ಜುಲೈನಲ್ಲಿ ಸ್ವೆಟರ್ ಹಾಕುವುದು ಹೊಸದೇನಲ್ಲ.

## ಹಡಗಿನವರು, ಮನೆಯವರು ಕೇಳಿದ್ದು

ರಾಡಾರ್, ಜಿಪಿಎಸ್, ಎಐಎಸ್ (ಹಡಗಿನ ಗುರುತು, ಜಾಗವನ್ನು ತಾನೇ ಪ್ರಸಾರ ಮಾಡುವ ಉಪಕರಣ) ಎಲ್ಲಾ ಇದೆ. ಇನ್ನೂ ಮಂಜಿಗೆ ಹೆದರೋದು ಯಾಕೆ?

1956ರ ಜುಲೈ 25ರ ರಾತ್ರಿ ಅಮೆರಿಕದ ನ್ಯಾಂಟಕೆಟ್ ಬಳಿ ಆಂಡ್ರಿಯಾ ಡೋರಿಯಾ ಮತ್ತು ಸ್ಟಾಕ್‌ಹೋಮ್ ಹಡಗುಗಳು ಡಿಕ್ಕಿಯಾದವು. ಎರಡರಲ್ಲೂ ರಾಡಾರ್ ಇತ್ತು, ಎರಡೂ ಒಂದನ್ನೊಂದು ಪರದೆಯ ಮೇಲೆ ನೋಡಿದ್ದವು. ಒಬ್ಬರು ಬಲಬದಿಯಿಂದ ದಾಟೋಣ ಅಂದುಕೊಂಡರು, ಇನ್ನೊಬ್ಬರು ಎಡಬದಿಯಿಂದ. ಡೋರಿಯಾ ಮಂಜಿನೊಳಗೆ ಹೆಚ್ಚುಕಡಿಮೆ ಪೂರ್ತಿ ವೇಗದಲ್ಲೇ ಬರುತ್ತಿತ್ತು. 51 ಜನ ಸತ್ತರು.

ಅದು ಹಳೆಯ ಕಾಲ ಅನ್ನುವುದಾದರೆ 2007ರ ನವೆಂಬರ್ 7 ನೋಡಿ. ಕಾಸ್ಕೋ ಬೂಸಾನ್ ಎಂಬ ಕಂಟೇನರ್ ಹಡಗು ದಟ್ಟ ಮಂಜಿನಲ್ಲಿ ಹೊರಟು ಸ್ಯಾನ್ ಫ್ರಾನ್ಸಿಸ್ಕೋದ ಬೇ ಬ್ರಿಡ್ಜ್ ಕಂಬದ ರಕ್ಷಣಾ ಕಟ್ಟಿಗೆ ತಾಗಿತು. ಸುಮಾರು 2 ಲಕ್ಷ ಲೀಟರ್ ಎಣ್ಣೆ ಕೊಲ್ಲಿಗೆ ಸೋರಿತು. ಬಂದರಿನ ದಾರಿ ತೋರಿಸುವ ಪೈಲಟ್ ಇದ್ದರು, ರಾಡಾರ್ ಇತ್ತು, ಎಲೆಕ್ಟ್ರಾನಿಕ್ ನಕ್ಷೆಯೂ ಇತ್ತು.

ಉಪಕರಣ ತೋರಿಸುವುದು ಬೇರೆ, ಎದುರಿನವನು ಮುಂದೆ ಏನು ಮಾಡುತ್ತಾನೆ ಎಂದು ಊಹಿಸುವುದು ಬೇರೆ. ಜೊತೆಗೆ, ಎಐಎಸ್ ಎಲ್ಲರ ಬಳಿ ಇರುವುದಿಲ್ಲ. ಅಂತರರಾಷ್ಟ್ರೀಯ ನಿಯಮ ಅದನ್ನು ಕಡ್ಡಾಯ ಮಾಡಿರುವುದು ಪ್ರಯಾಣಿಕ ಹಡಗುಗಳಿಗೆ ಮತ್ತು ದೊಡ್ಡ ಸರಕು ಹಡಗುಗಳಿಗೆ. ಮರದ, ಫೈಬರಿನ ಸಣ್ಣ ದೋಣಿ ಅಲೆಗಳ ಗದ್ದಲದ ನಡುವೆ ರಾಡಾರ್‌ಗೂ ಸರಿಯಾಗಿ ಸಿಗುವುದಿಲ್ಲ.

ಮಗ ಕೆಡೆಟ್ ಆಗಿ ಹೋಗಿದ್ದಾನೆ. ಮಂಜು ಬಂದ್ರೆ ಹಡಗಿನಲ್ಲಿ ಏನು ಮಾಡ್ತಾರೆ? ನಿಲ್ಲಿಸಿಬಿಡ್ತಾರಾ?

ಅಮ್ಮ, ನಡುಸಮುದ್ರದಲ್ಲಿ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಆದರೆ ಇಡೀ ಹಡಗಿನ ಲಯ ಬದಲಾಗುತ್ತದೆ. ಮೊದಲು ಕ್ಯಾಪ್ಟನ್‌ಗೆ ಫೋನ್ ಹೋಗುತ್ತದೆ, ಯಾವ ಹೊತ್ತಾದರೂ ಸರಿ. ಎಂಜಿನ್ ರೂಮಿಗೆ ಹೇಳಿ ಎಂಜಿನ್ನನ್ನು ತಕ್ಷಣ ತಿರುಗಿಸಲು, ನಿಲ್ಲಿಸಲು ಸಿದ್ಧವಾಗಿ ಇಡುತ್ತಾರೆ. ವೇಗ ಇಳಿಸುತ್ತಾರೆ. ದೀಪಗಳನ್ನು ಹಗಲಲ್ಲೂ ಹಾಕುತ್ತಾರೆ. ಹೆಚ್ಚುವರಿ ಕಾವಲಿಗೆ ಒಬ್ಬರನ್ನು ಹಡಗಿನ ಮುಂತುದಿಗೆ ಕಳಿಸುವುದೂ ಉಂಟು. ನಿಮ್ಮ ಮಗನ ಪಾಲಿಗೆ ಬರುವುದು ಹೆಚ್ಚಾಗಿ ಅದೇ. ಅಲ್ಲಿ ನಿಂತು ನೋಡುವುದಕ್ಕಿಂತ ಕೇಳುವುದೇ ಮುಖ್ಯ.

ಸೀಟಿಗೂ ಒಂದು ಭಾಷೆ ಇದೆ. ಎಂಜಿನ್ ಹಡಗು ಚಲಿಸುತ್ತಿದ್ದರೆ 2 ನಿಮಿಷಕ್ಕೆ ಮೀರದಂತೆ ಒಂದು ಉದ್ದ ಸೀಟಿ, 4ರಿಂದ 6 ಸೆಕೆಂಡ್. ಲಂಗರು ಹಾಕದೆ ಸುಮ್ನೆ ನಿಂತಿದ್ದರೆ ಎರಡು ಉದ್ದ. ಬಲೆ ಎಳೆಯುತ್ತಿರುವ ಮೀನುಗಾರಿಕೆ ಬೋಟು ಒಂದು ಉದ್ದ, ಎರಡು ಗಿಡ್ಡ. ಲಂಗರು ಹಾಕಿದ್ದರೆ ನಿಮಿಷಕ್ಕೊಮ್ಮೆ 5 ಸೆಕೆಂಡ್ ಗಂಟೆ ಬಾರಿಸಬೇಕು. 1972ರ ಡಿಕ್ಕಿ ತಡೆ ನಿಯಮಗಳಲ್ಲಿ ಇವೆಲ್ಲ ಇವೆ. ಅದರ 19ನೇ ನಿಯಮ ಮಂಜಿಗೆಂದೇ ಇರುವುದು. ರಾಡಾರ್‌ನಲ್ಲಿ ಮಾತ್ರ ಕಾಣುವ ಹಡಗು ಮುಂದುಗಡೆ ಇದ್ದರೆ ಎಡಕ್ಕೆ ತಿರುಗುವುದನ್ನು ಆದಷ್ಟು ತಪ್ಪಿಸಿ ಅನ್ನುತ್ತದೆ. ಡೋರಿಯಾ ತಿರುಗಿದ್ದು ಎಡಕ್ಕೇ.

ಹಡಗುಗಳು ಹೇಗೂ ಜಾಗ್ರತೆಯಿಂದ ಹೋಗ್ತವಲ್ಲ, ಮುನ್ಸೂಚನೆಯಿಂದ ಹೆಚ್ಚಿಗೆ ಏನು ಸಿಗುತ್ತೆ?

ದಡಕ್ಕೆ ಹತ್ತಿರ ಬಂದಾಗ ಉತ್ತರ ಗೊತ್ತಾಗುತ್ತದೆ. ಟೆಕ್ಸಸ್‌ನ ಹ್ಯೂಸ್ಟನ್ ಶಿಪ್ ಚಾನೆಲ್, ಅಂದರೆ ಹಡಗುಗಳ ಕಾಲುವೆ, ತಗೊಳ್ಳಿ. ಉದ್ದ ಸುಮಾರು 80 ಕಿಲೋಮೀಟರ್, ಗ್ಯಾಲ್ವೆಸ್ಟನ್ ಕೊಲ್ಲಿಯೊಳಗೆ ಬಹುಕಾಲದಿಂದ ಇದ್ದ ಅಗಲ ಬರೀ 160 ಮೀಟರ್. 2022ರಲ್ಲಿ ಅಗಲ ಮಾಡುವ ಕೆಲಸ ಶುರುವಾಯಿತು. ಎರಡು ದೊಡ್ಡ ಹಡಗುಗಳು ಎದುರಾದರೆ ನೇರ ಮುಖಕ್ಕೆ ಮುಖ ಬಂದು, ಕೊನೆಗೆ ಒಂದಿಷ್ಟೇ ಬಲಕ್ಕೆ ಸರಿದು, ಮುಂತುದಿಗಳು ತಳ್ಳುವ ನೀರಿನ ಒತ್ತಡದಲ್ಲೇ ಪರಸ್ಪರ ದೂರವಾಗಿ ದಾಟುತ್ತವೆ. ಪೈಲಟ್‌ಗಳು ಇದಕ್ಕೆ ಟೆಕ್ಸಸ್ ಚಿಕನ್ ಅಂತ ಹೆಸರಿಟ್ಟಿದ್ದಾರೆ. ಕಣ್ಣು ಕಾಣದೆ ಈ ಆಟ ಆಡಲು ಯಾರಿಗೆ ಧೈರ್ಯ ಬರುತ್ತದೆ?

ಅದಕ್ಕೇ ಚಳಿಗಾಲದಲ್ಲಿ ಮಂಜು ಬಂದಾಗ ಪೈಲಟ್‌ಗಳು ಹಡಗು ಹತ್ತುವುದನ್ನು ನಿಲ್ಲಿಸುತ್ತಾರೆ. ಹೊರಗೆ ಸಾಲು ಬೆಳೆಯುತ್ತದೆ, ಒಳಗಿನವು ಹೊರಡುವಂತಿಲ್ಲ. ಮುಂಚೆಯೇ ಗೊತ್ತಾದರೆ ಬರುವ ಹಡಗು ದಾರಿಯಲ್ಲೇ ನಿಧಾನ ಮಾಡಿ ಇಂಧನ ಉಳಿಸಬಹುದು. ಹೊರಡುವುದು ಎರಡು ಗಂಟೆ ಮೊದಲೇ ಹೊರಡಬಹುದು. ಅಪಾಯಕಾರಿ ಸರಕಿನ ಹಡಗು ಚಾನೆಲ್ ನಡುವೆ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬಹುದು. ಬಂದರಿನವರಿಗೆ ನಿಜವಾಗಿ ಬೇಕಾಗಿರುವುದು ‘ನಾಳೆ ಮಂಜು ಇದೆ’ ಅನ್ನುವ ಮಾತಲ್ಲ. ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಬಿಡುತ್ತದೆ, ಚಾನೆಲ್‌ನ ಯಾವ ತುದಿಯಲ್ಲಿ ಅನ್ನುವುದು. ಮುನ್ಸೂಚನೆಯ ಸುಧಾರಣೆಯನ್ನು ಈ ಮೂರರಿಂದಲೇ ಅಳೆಯಬೇಕು ಅನ್ನುವುದು ನನ್ನ ವಾದ.

ಉಪಕರಣ ಇಲ್ಲದ ಕಾಲದಲ್ಲೂ ಹಳೇ ನಾವಿಕರು ಅಂದಾಜು ಮಾಡ್ತಿದ್ರು. ಈಗ ನಾವೂ ಹಡಗಿನಲ್ಲೇ ಮಾಡಬಹುದಾ?

ಖಂಡಿತ, ಎರಡು ಥರ್ಮಾಮೀಟರ್ ಮತ್ತು ಒಂದು ಬಕೆಟ್ ಇದ್ದರೆ. ಬ್ರಿಡ್ಜ್‌ನ (ಹಡಗು ನಡೆಸುವ ಕೋಣೆಯ) ಗಾಳಿ ಬೀಸುವ ಬದಿಯಲ್ಲಿ ಒಣ ಮತ್ತು ಒದ್ದೆ ಬಲ್ಬಿನ (ಒದ್ದೆ ಬಟ್ಟೆ ಸುತ್ತಿದ) ಥರ್ಮಾಮೀಟರ್ ನೋಡಿ, ಕೋಷ್ಟಕದಿಂದ ಇಬ್ಬನಿ ಬಿಂದು ತೆಗೆಯಿರಿ. ಬಕೆಟ್ ಇಳಿಸಿ ಸಮುದ್ರದ ನೀರಿನ ತಾಪಮಾನ ನೋಡಿ. ಗಂಟೆಗೊಮ್ಮೆ ಎರಡನ್ನೂ ಒಂದೇ ಗ್ರಾಫಿನಲ್ಲಿ ಬರೆಯಿರಿ. ಬೆಳಿಗ್ಗೆ 8ಕ್ಕೆ ನೀರು 14, ಇಬ್ಬನಿ ಬಿಂದು 11. ಹತ್ತಕ್ಕೆ ನೀರು 13, ಇಬ್ಬನಿ ಬಿಂದು 11.5. ಹನ್ನೆರಡಕ್ಕೆ ನೀರು 12.3, ಇಬ್ಬನಿ ಬಿಂದು 12. ಎರಡು ಗೆರೆಗಳು ಎಲ್ಲಿ ಸೇರುತ್ತವೆ ಎಂದು ಕಣ್ಣಿಗೇ ಕಾಣುತ್ತದೆ. ಇದೇ ದಾರಿಯಲ್ಲಿ ಮುಂದುವರಿದರೆ ಒಂದು ಗಂಟೆಯೊಳಗೆ ಮಂಜು ಸಿಗಬಹುದು. ಈಗಲೇ ಕ್ಯಾಪ್ಟನ್‌ಗೆ ಹೇಳುವುದು ಒಳ್ಳೆಯದು.

ಒಂದು ಎಚ್ಚರಿಕೆ. ಬಕೆಟ್ ಇಳಿಸಲು ಬೇಜಾರಾಗಿ ಎಂಜಿನ್ ರೂಮಿನ ನೀರೆಳೆಯುವ ಪೈಪಿನ ತಾಪಮಾನ ಕೇಳುವವರೇ ಜಾಸ್ತಿ. ಆ ನೀರು ಮೇಲ್ಮೈಯಿಂದ ಕೆಲವು ಮೀಟರ್ ಕೆಳಗಿನದ್ದು, ಪೈಪಿನಲ್ಲಿ ಸ್ವಲ್ಪ ಬಿಸಿಯೂ ಆಗಿರಬಹುದು. ಇಲ್ಲಿ ಅರ್ಧ ಡಿಗ್ರಿಯೂ ದೊಡ್ಡದು.

## ಮುನ್ಸೂಚನೆ ಎಲ್ಲಿ ಎಡವುತ್ತದೆ

ಚಂಡಮಾರುತವನ್ನ ನಾಲ್ಕೈದು ದಿನ ಮುಂಚೆ ಹೇಳ್ತಾರೆ. ನಾಳೆಯ ಮಂಜು ಹೇಳೋಕೆ ಯಾಕೆ ಒದ್ದಾಡ್ತಾರೆ?

ಚಂಡಮಾರುತ ನೂರಾರು ಕಿಲೋಮೀಟರ್ ಹರಡಿಕೊಂಡಿರುತ್ತದೆ. ಹವಾಮಾನ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಭೂಮಿಯನ್ನು ಚೌಕಗಳ ಜಾಲವಾಗಿ ಹಂಚಿಕೊಳ್ಳುತ್ತದೆ; ಆ ಜಾಲಕ್ಕೆ ಅದು ತಪ್ಪಿಸಿಕೊಳ್ಳುವಂಥದ್ದಲ್ಲ. ಮಂಜಿನ ದಪ್ಪ ಕೆಲವೊಮ್ಮೆ ಕೆಲವೇ ಹತ್ತು ಮೀಟರ್. ಹಡಗಿನ ಮಾಸ್ಟ್ (ಎತ್ತರದ ಕಂಬ) ಬಿಸಿಲಿನಲ್ಲಿದ್ದು ಡೆಕ್ ಮಂಜಿನಲ್ಲಿರುವುದೂ ಉಂಟು.

ಇನ್ನೊಂದು ಲೆಕ್ಕ ನೋಡಿ. 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 12.8 ಗ್ರಾಂ ನೀರಾವಿ ಹಿಡಿಯುತ್ತದೆ. 14 ಡಿಗ್ರಿಗೆ ಇಳಿದರೆ 12.1 ಗ್ರಾಂ. ವ್ಯತ್ಯಾಸ 0.7 ಗ್ರಾಂ. ದಟ್ಟ ಮಂಜಿನಲ್ಲೂ ಹನಿಗಳಾಗಿ ಇರುವ ನೀರು ಸಾಮಾನ್ಯವಾಗಿ ಇದರ ಅರ್ಧಕ್ಕಿಂತ ಕಡಿಮೆ. ಅಂದರೆ ತಾಪಮಾನದಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಮಾಡೆಲ್ ತಿಳಿ ಆಕಾಶ ಇರುವಲ್ಲಿ ಮಂಜು ಕಟ್ಟುತ್ತದೆ, ಮಂಜು ಇರುವಲ್ಲಿ ದಾರಿ ಬಿಡಿಸುತ್ತದೆ. ಮಳೆ ಅಥವಾ ಗಾಳಿಯ ಮುನ್ಸೂಚನೆಯಲ್ಲಿ ಅರ್ಧ ಡಿಗ್ರಿಯನ್ನು ಯಾರೂ ಕೇಳುವುದೇ ಇಲ್ಲ.

ನೀರಿನ ತಾಪಮಾನ ಉಪಗ್ರಹದಿಂದ ಸಿಗುತ್ತಲ್ಲ, ಅದನ್ನ ಹಾಕಿದ್ರೆ ಆಯ್ತಲ್ಲ?

ಇಲ್ಲೇ ಇರುವುದು ತಮಾಷೆ. ನೀರಿನ ತಾಪಮಾನವನ್ನು ಸೂಕ್ಷ್ಮವಾಗಿ ಅಳೆಯುವ ಇನ್‌ಫ್ರಾರೆಡ್ ಉಪಕರಣ ಮೋಡದ ಕೆಳಗೆ, ಮಂಜಿನ ಕೆಳಗೆ ನೋಡಲಾರದು. ಮಂಜು ಮುಸುಕಿರುವ ಕಡೆಯೇ ಹೊಸ ಅಳತೆ ಇಲ್ಲ, ಹಳೆಯದನ್ನೇ ಎಳೆದು ತುಂಬಿಸುತ್ತಾರೆ. ಮೈಕ್ರೋವೇವ್ ಉಪಕರಣ ಮೋಡದಾಚೆ ನೋಡುತ್ತದೆ, ಆದರೆ ಅದರ ಒಂದೊಂದು ಚುಕ್ಕೆ ಹತ್ತಾರು ಕಿಲೋಮೀಟರ್ ಅಗಲ. ದಡದ ಬಳಿ ನೆಲದ ಸಂಕೇತವೂ ಬೆರೆತು ಕೆಲಸಕ್ಕೆ ಬರುವುದಿಲ್ಲ. ಬಂದರು ಇರುವುದು ದಡದಲ್ಲೇ ಅಲ್ವಾ?

ಹಾಗಾಗಿ ದಡಕ್ಕೆ ಅಂಟಿಕೊಂಡ ಕೆಲವೇ ಕಿಲೋಮೀಟರ್ ಅಗಲದ ತಣ್ಣೀರಿನ ಪಟ್ಟಿ ಮಾಡೆಲ್ಲಿಗೆ ಗೊತ್ತೇ ಆಗುವುದಿಲ್ಲ. ಹಣ ಇದ್ದರೆ ಮೊದಲು ನೀರಿನಲ್ಲೇ ತೇಲುತ್ತಾ ಅಳೆಯುವ ತೇಲುಬುರುಡೆಗಳಿಗೆ ಹಾಕಿ, ಆಮೇಲೆ ದೊಡ್ಡ ಕಂಪ್ಯೂಟರಿಗೆ ಹಾಕಿ ಅಂತ ನಾನು ಹೇಳುವುದು ಇದಕ್ಕೇ. ಸಮುದ್ರ ಮತ್ತು ಗಾಳಿ ಎರಡನ್ನೂ ಜೋಡಿಸಿ ಓಡಿಸುವ ಮಾಡೆಲ್‌ಗಳೂ ಸಹಾಯಕ್ಕೆ ಬರುತ್ತವೆ, ಆದರೆ ಶುರುವಿನ ಅಳತೆ ತಪ್ಪಾಗಿದ್ದರೆ ಅವೂ ತಪ್ಪನ್ನೇ ಮುಂದಕ್ಕೆ ಒಯ್ಯುತ್ತವೆ.

ಉಪಗ್ರಹ ಚಿತ್ರದಲ್ಲಿ ಮಂಜು ಬೆಳ್ಳಗೆ ಕಾಣ್ಸುತ್ತಲ್ಲ?

ಕಾಣುವುದು ಮೇಲ್ಭಾಗ ಮಾತ್ರ. ತಳ ನೀರಿಗೆ ತಾಗಿದೆಯೋ, 200 ಮೀಟರ್ ಮೇಲಿದೆಯೋ ಮೇಲಿನಿಂದ ಹೇಳುವುದು ಕಷ್ಟ. ಹಡಗಿನವನಿಗೆ ಅದೊಂದೇ ಪ್ರಶ್ನೆ. ರಾತ್ರಿ 3.9 ಮತ್ತು 11 ಮೈಕ್ರಾನ್ ಸುತ್ತಿನ ಎರಡು ಇನ್‌ಫ್ರಾರೆಡ್ ಅಲೆಗಳಲ್ಲಿ ಕಾಣುವ ತಾಪಮಾನದ ವ್ಯತ್ಯಾಸ ನೋಡಿ ಸಣ್ಣ ಹನಿಗಳ ತಗ್ಗು ಮೋಡವನ್ನು ಗುರುತಿಸುತ್ತಾರೆ. ನಮ್ಮ ಇನ್ಸಾಟ್-3ಡಿ ಸರಣಿಯ ಉಪಗ್ರಹಗಳಿಂದಲೂ ರಾತ್ರಿ ಮಂಜಿನ ಚಿತ್ರ ತೆಗೆಯುವುದು ಹೀಗೇ. ಮೇಲೆ ಎತ್ತರದ ಮೋಡ ಬಂದರೆ ಅದೂ ಇಲ್ಲ. ಮುಂದಿನ ಎರಡು ಮೂರು ಗಂಟೆಯಲ್ಲಿ ಮಂಜಿನ ಅಂಚು ಯಾವ ಕಡೆ ಸರಿಯುತ್ತದೆ ಎಂದು ನೋಡಲು ಮಾತ್ರ ಇದು ಬಹಳ ಒಳ್ಳೆಯದು.

## ಇನ್ನೂ ಆಳಕ್ಕೆ

ಮಾಡೆಲ್ಲಿನ ರೆಸಲ್ಯೂಶನ್ ಜಾಸ್ತಿ ಮಾಡ್ತಾ ಹೋದ್ರೆ ಒಂದು ದಿನ ಸರಿಯಾಗುತ್ತಾ?

ಅಷ್ಟರಿಂದಲೇ ಆಗದು. ಯುರೋಪಿನ ಜಾಗತಿಕ ಮಾಡೆಲ್ಲಿನ ಜಾಲ ಈಗ ಸುಮಾರು 9 ಕಿಲೋಮೀಟರ್, ಅಮೆರಿಕದ ಒಂದು ಪ್ರಾದೇಶಿಕ ಮಾಡೆಲ್ಲಿನದು 3. ಮಂಜಿಗೆ ಅಡ್ಡಡ್ಡಕ್ಕಿಂತ ಮೇಲಿಂದ ಕೆಳಕ್ಕೆ ಎಷ್ಟು ಪದರ ಇದೆ ಅನ್ನುವುದು ಮುಖ್ಯ. ಅದಾದ ಮೇಲೂ ಮೂರು ಸಂಗತಿಗಳನ್ನು ಮಾಡೆಲ್ ಸೂತ್ರಗಳಿಂದ ಅಂದಾಜು ಮಾಡಲೇಬೇಕು: ಗಾಳಿಯ ಸಣ್ಣ ಸುಳಿಗಳ ಕಲಕಾಟ, ಮಂಜಿನ ಮೇಲ್ಮೈ ಆಕಾಶಕ್ಕೆ ಶಾಖ ಬಿಟ್ಟು ತಣ್ಣಗಾಗುವುದು, ಮತ್ತು ಹನಿಗಳ ಸಂಖ್ಯೆ.

ಮೂರನೆಯದನ್ನು ಜನ ಮರೆಯುತ್ತಾರೆ. ಗಾಳಿಯಲ್ಲಿ ಅಷ್ಟೇ ನೀರಿದ್ದು ಹನಿಗಳ ಸಂಖ್ಯೆ 8 ಪಟ್ಟಾದರೆ ಪ್ರತಿ ಹನಿಯ ವ್ಯಾಸ ಅರ್ಧಕ್ಕೆ ಇಳಿಯುತ್ತದೆ, ಬೆಳಕು ತಡೆಯುವ ಒಟ್ಟು ಮೈ ಎರಡರಷ್ಟಾಗುತ್ತದೆ, ಕಾಣುವ ದೂರ ಅರ್ಧಕ್ಕೆ ಇಳಿಯುತ್ತದೆ. ಹನಿ ಎಷ್ಟು ಅನ್ನುವುದನ್ನು ತೀರ್ಮಾನಿಸುವುದು ಗಾಳಿಯಲ್ಲಿರುವ ಉಪ್ಪಿನ ಕಣ, ಹೊಗೆ, ದೂಳು. ಶುದ್ಧ ಸಾಗರದ ಗಾಳಿಗೂ ಕಾರ್ಖಾನೆಗಳ ಮೇಲೆ ಹಾದುಬಂದ ಗಾಳಿಗೂ ಒಂದೇ ಸಂಖ್ಯೆ ಕೊಟ್ಟು ಕೂತರೆ ಮಾಡೆಲ್ ಮಂಜು ಹೇಳಿದರೂ ಎಷ್ಟು ದೂರ ಕಾಣುತ್ತದೆ ಅನ್ನುವುದು ತಪ್ಪುತ್ತದೆ.

ಇದರ ಬಗ್ಗೆ ಸಮುದ್ರಕ್ಕೇ ಹೋಗಿ ಸಂಶೋಧನೆ ಮಾಡಿದವರು ಇದ್ದಾರಾ?

ಇದ್ದಾರೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಮಂಜುಗಡ್ಡೆ ಕಾಯಲು ಸ್ಕೋಷಿಯಾ ಎಂಬ ಹಳೆಯ ತಿಮಿಂಗಿಲ ಬೇಟೆಯ ಹಡಗನ್ನು ಕಳಿಸಿದರು. 1913ರಲ್ಲಿ ಅದರಲ್ಲಿ ಹವಾಮಾನ ತಜ್ಞನಾಗಿ ಹೋದವರು ಬ್ರಿಟನ್ನಿನ ವಿಜ್ಞಾನಿ ಜಿ.ಐ. ಟೇಲರ್. ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಡಗಿನಿಂದ ಗಾಳಿಪಟ ಹಾರಿಸಿ, ಅದಕ್ಕೆ ಉಪಕರಣ ಕಟ್ಟಿ ಗ್ರ್ಯಾಂಡ್ ಬ್ಯಾಂಕ್ಸ್ ಮೇಲಿನ ತಾಪಮಾನ, ತೇವ ಅಳೆದರು. ಬಿಸಿ ನೀರಿನಿಂದ ತಣ್ಣೀರಿನ ಮೇಲೆ ಬಂದ ಗಾಳಿ ಕೆಳಗಿನಿಂದ ಮೇಲಕ್ಕೆ ಹೇಗೆ ತಣ್ಣಗಾಗುತ್ತದೆ ಎಂದು ಅಲ್ಲಿ ಸಿಕ್ಕ ಅಂಕಿಗಳಿಂದ ತೋರಿಸಿದರು. ಮಂಜಿನ ಪ್ರಬಂಧ 1917ರಲ್ಲಿ ಬಂತು. ಗಾಳಿಯ ಸುಳಿಗಳ ಬಗ್ಗೆ ಅವರು ಮುಂದೆ ಮಾಡಿದ ದೊಡ್ಡ ಕೆಲಸಕ್ಕೂ ಬೇರು ಆ ಗಾಳಿಪಟಗಳಲ್ಲೇ ಇದೆ.

ನೂರು ವರ್ಷ ಕಳೆದು ಅದೇ ನೀರಿಗೆ ಫಾತಿಮಾ ಎಂಬ ಯೋಜನೆ ಹೋಯಿತು. ಅಮೆರಿಕದ ನೌಕಾಪಡೆಯ ಸಂಶೋಧನಾ ವಿಭಾಗದ ಹಣ, ಮುಂದಾಳು ನೋಟರ್ ಡೇಮ್ ವಿಶ್ವವಿದ್ಯಾಲಯದ ಹರೀಂದ್ರ ಫರ್ನಾಂಡೊ, ಮೂಲತಃ ಶ್ರೀಲಂಕಾದವರು. 2022ರ ಜುಲೈನಲ್ಲಿ ಒಂದು ಹಡಗು, ಒಂದು ತೈಲ ವೇದಿಕೆ ಮತ್ತು ಸೇಬಲ್ ದ್ವೀಪದಲ್ಲಿ ಉಪಕರಣ ಹೂಡಿ ಅಳೆದರು. ಸೇಬಲ್ ಅಂದರೆ ಕಾಡುಕುದುರೆಗಳು ಮೇಯುವ ಬರೀ ಮರಳಿನ ದಿಬ್ಬ. 2023ರಲ್ಲಿ ಹಳದಿ ಸಮುದ್ರದಲ್ಲೂ ಅದೇ ಕೆಲಸ ಮಾಡಿದರು. ಒಂದೊಂದು ಹನಿಯ ಗಾತ್ರದಿಂದ ಹಿಡಿದು ನೂರಾರು ಕಿಲೋಮೀಟರಿನ ಗಾಳಿಯವರೆಗೆ ಒಟ್ಟಿಗೆ ಅಳೆಯುವುದು ಅವರ ಹಟ.

ಎಐಗೆ ಕೊಟ್ರೆ ಮುಗಿದೇ ಹೋಯ್ತಲ್ಲ?

ಭರವಸೆ ಇದೆ. ಟೆಕ್ಸಸ್ ಕರಾವಳಿಯ ಪೋರ್ಟ್ ಅರಾನ್ಸಸ್ ಬಳಿಯ ಮಂಜಿಗಾಗಿ ಫಾಗ್‌ನೆಟ್ ಎಂಬ ಡೀಪ್ ಲರ್ನಿಂಗ್ ವ್ಯವಸ್ಥೆ ಕಟ್ಟಿ 2021ರಲ್ಲಿ ಪ್ರಕಟಿಸಿದರು. ಮಾಡೆಲ್ಲಿನ ಗಾಳಿ, ತೇವ, ತಾಪಮಾನದ ಪದರಗಳನ್ನೂ ಉಪಗ್ರಹದ ನೀರಿನ ತಾಪಮಾನವನ್ನೂ ಒಟ್ಟಿಗೆ ನೋಡಿ 6, 12, 24 ಗಂಟೆ ಮುಂಚಿನ ಅಂದಾಜು ಕೊಡುತ್ತದೆ. ಅದುವರೆಗಿನ ಸಮೂಹ ಮುನ್ಸೂಚನೆಗಿಂತ (ಮಾಡೆಲ್ಲನ್ನು ಹಲವು ಸಲ ಓಡಿಸಿ ಒಟ್ಟು ಸೇರಿಸಿ ಕೊಡುವುದು) ಚೆನ್ನಾಗಿ ಕೊಟ್ಟಿತು.

ಆದರೆ ಗಮನಿಸಿ, ಅದು ಒಂದು ಜಾಗದಲ್ಲಿ ಕಲಿತದ್ದು. ಅಲ್ಲಿ ವಿಮಾನ ನಿಲ್ದಾಣದ ವಿಸಿಬಿಲಿಟಿ (ಕಾಣುವ ದೂರ) ದಾಖಲೆ ವರ್ಷಗಟ್ಟಲೆಯದು ಇತ್ತು. ನಡುಸಮುದ್ರದಲ್ಲಿ ಅಂಥ ದಾಖಲೆ ಎಲ್ಲಿದೆ? ಮಂಜಿನ ಗಂಟೆಗಳೇ ಕಡಿಮೆ, ಅದರಲ್ಲಿ ಅಳೆದದ್ದು ಇನ್ನೂ ಕಡಿಮೆ. ಅಳತೆ ಇಲ್ಲದ ಕಡೆ ಎಐ ಕಲಿಯುವುದಾದರೂ ಯಾವುದರಿಂದ?

‘ಶೇಕಡಾ 96 ಸರಿ’ ಅಂತ ಹೇಳಿಕೊಳ್ಳೋ ಮುನ್ಸೂಚನೆಯನ್ನ ನಂಬಬಹುದಾ?

1884ರಲ್ಲಿ ಅಮೆರಿಕದ ಸೇನೆಯ ಫಿನ್ಲೇ ಎಂಬವರು ಸುಂಟರಗಾಳಿಯ ಮುನ್ಸೂಚನೆ ಕೊಟ್ಟು ಶೇಕಡಾ 96.6 ಸರಿ ಎಂದು ತೋರಿಸಿದರು. ಒಟ್ಟು 2803 ಮುನ್ಸೂಚನೆ. ತಕ್ಷಣ ಬೇರೊಬ್ಬರು ಹೇಳಿದರು: ಪ್ರತಿ ಸಲ ‘ಸುಂಟರಗಾಳಿ ಇಲ್ಲ’ ಅಂದಿದ್ದರೆ ಶೇಕಡಾ 98.2 ಸರಿಯಾಗುತ್ತಿತ್ತಲ್ಲ! ನಿಜಕ್ಕೂ ಬಂದದ್ದು 51 ಸಲ, ಅವರು ಹಿಡಿದದ್ದು 28. ಬರುತ್ತದೆ ಅಂದದ್ದು 100 ಸಲ, ಅದರಲ್ಲಿ 72 ಸುಳ್ಳಾಯಿತು.

ಮಂಜೂ ಅಪರೂಪದ ಘಟನೆಯೇ. ಹಾಗಾಗಿ ಒಟ್ಟು ಶೇಕಡಾವಾರು ಕೇಳಬೇಡಿ. ಬಂದ ಮಂಜಿನಲ್ಲಿ ಎಷ್ಟನ್ನು ಹಿಡಿದಿರಿ, ಹೇಳಿದ್ದರಲ್ಲಿ ಎಷ್ಟು ಸುಳ್ಳಾಯಿತು ಎಂದು ಎರಡು ಪ್ರಶ್ನೆ ಕೇಳಿ. ಎರಡಕ್ಕೂ ಉತ್ತರ ಕೊಡದವರ ಮಾತಿಗೆ ಹೆಚ್ಚು ತೂಕ ಕೊಡಬೇಕಿಲ್ಲ.

‘ಮಂಜಿನ ಸಾಧ್ಯತೆ ಶೇಕಡಾ 30’ ಅಂದ್ರೆ ಏನು ಮಾಡೋದು? ಹೌದು ಅಥವಾ ಇಲ್ಲ ಅನ್ನಬಾರದಾ?

ಅನ್ನಬಾರದು. ಆ ತೀರ್ಮಾನ ನಿಮ್ಮ ಜೇಬಿಗೆ ಸೇರಿದ್ದು. ಎಚ್ಚರಿಕೆ ವಹಿಸಲು 1 ಲಕ್ಷ ಖರ್ಚು, ವಹಿಸದೆ ಮಂಜು ಬಂದರೆ 5 ಲಕ್ಷ ನಷ್ಟ ಅಂದುಕೊಳ್ಳಿ. ಆಗ ಸಾಧ್ಯತೆ ಶೇಕಡಾ 20 ದಾಟಿದ ಕೂಡಲೇ ಎಚ್ಚರಿಕೆ ವಹಿಸುವುದೇ ಲಾಭ. ದ್ರವ ಅನಿಲ ತುಂಬಿದ ಟ್ಯಾಂಕರಿಗೆ ಶೇಕಡಾ 5 ಕೂಡ ಜಾಸ್ತಿಯೇ. ಬೇರೆ ಹಡಗನ್ನು ಎಳೆಯುವ ಖಾಲಿ ಟಗ್ ದೋಣಿಗೆ ಶೇಕಡಾ 50 ಆದರೂ ನಡೆಯುತ್ತದೆ. ಒಂದೇ ಹೌದು-ಇಲ್ಲ ಎಲ್ಲರಿಗೂ ಹೊಂದುವುದಿಲ್ಲ.

ನಾನು ಸೆಕೆಂಡ್ ಆಫೀಸರ್. ಮುನ್ಸೂಚನೆ ಸುಧಾರಿಸೋಕೆ ನನ್ನ ಕೈಯಲ್ಲಿ ಏನಿದೆ?

ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹವಾಮಾನ ವರದಿ ಕಳಿಸುವ ಸ್ವಯಂಸೇವಾ ಹಡಗುಗಳ ಪಟ್ಟಿಯಲ್ಲಿ ನಿಮ್ಮ ಹಡಗು ಇದ್ದರೆ ವಿಸಿಬಿಲಿಟಿಯ ಸಂಕೇತ ಸಂಖ್ಯೆಯನ್ನು ಸುಮ್ನೆ 97 (ದೂರದವರೆಗೆ ಕಾಣುತ್ತಿದೆ) ಅಂತ ತುಂಬಿಸಬೇಡಿ. 90 ಅಂದರೆ 50 ಮೀಟರಿಗಿಂತ ಕಡಿಮೆ, 91 ಅಂದರೆ 50ರಿಂದ 200, 92 ಅಂದರೆ 200ರಿಂದ 500, 93 ಅಂದರೆ 500ರಿಂದ 1 ಕಿಲೋಮೀಟರ್. ಹೀಗೆ 99ರವರೆಗೆ. ಮಂಜು ಇಲ್ಲದ ವರದಿಗೂ ಅಷ್ಟೇ ಬೆಲೆ ಇದೆ, ಮಾಡೆಲ್ ಸುಳ್ಳು ಹೇಳಿದ್ದು ಗೊತ್ತಾಗುವುದು ಅದರಿಂದಲೇ.

ದೂರ ಅಳೆಯುವುದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಪಕ್ಕದಲ್ಲಿ ಸಾಗುವ ಹಡಗನ್ನು ನೋಡುತ್ತಿರಿ. ಅದು ಕಣ್ಣಿಗೆ ಮಾಯವಾದ ಕ್ಷಣ ರಾಡಾರ್‌ನಲ್ಲಿ ಅದರ ದೂರ ಓದಿ, ಅದೇ ನಿಮ್ಮ ವಿಸಿಬಿಲಿಟಿ. ಬೇರೆ ಹಡಗಿಲ್ಲದಿದ್ದರೆ ನಿಮ್ಮದೇ ಮುಂತುದಿಯ ಮಾಸ್ಟ್ ನೋಡಿ. ಬ್ರಿಡ್ಜ್‌ನಿಂದ ಅದಕ್ಕೆ ಎಷ್ಟು ಮೀಟರ್ ಎಂದು ಹಡಗಿನ ನಕ್ಷೆಯಲ್ಲಿ ಇರುತ್ತದೆ. ಶುರುವಾದ ಹೊತ್ತು, ಬಿಟ್ಟ ಹೊತ್ತು ಎರಡನ್ನೂ ಲಾಗ್ ಪುಸ್ತಕದಲ್ಲಿ ಯುಟಿಸಿ (ಜಗತ್ತಿಗೆಲ್ಲ ಒಂದೇ ಪ್ರಮಾಣ ಸಮಯ) ಸಮಯದಲ್ಲಿ ಬರೆಯಿರಿ. ಬಕೆಟ್ ನೀರಿನ ತಾಪಮಾನವನ್ನೂ ಪಕ್ಕದಲ್ಲೇ ಸೇರಿಸಿ.